ಫಾದರ್ (ಪದಚರಿತ್ರೆ)

ಫಾದರ್: ತಂದೆ ಎಂಬರ್ಥದ ಇಂಗ್ಲಿಷ್ ನಾಮಪದ. ಉಚ್ಚಾರಾಂಶಗಳು ಎರಡು, ಒತ್ತು ಮೊದಲನೆಯದರ ಮೇಲೆ.

ಉಚ್ಚಾರಣೆ: ದಕ್ಷಿಣ ಇಂಗ್ಲೆಂಡಿನ ಶಿಷ್ಟ ನುಡಿಯಲ್ಲಿ ಕೊನೆಯ ರಕಾರ ಕೇಳಿಸದು; ಅಮೆರಿಕದಲ್ಲಿ ಸಾಮಾನ್ಯವಾಗಿ ಕೇಳಿಸುತ್ತದೆ. ನಡುವಿನ ವ್ಯಂಜನ ಕನ್ನಡದ ದಕಾರವಲ್ಲ. ದಕಾರ ನುಡಿಯುವಾಗ ನಾಲಿಗೆ ಹಲ್ಲಿಗೆ ಒತ್ತಿ ಉಸಿರನ್ನು ಕ್ಷಣಕಾಲ ತಡೆಯುತ್ತದೆ. ಇಲ್ಲಿ ನಾಲಿಗೆಯ ತುದಿ ಮೇಲುಹಲ್ಲಿನ ಅಂಚನ್ನು ಸೋಕುತ್ತದೆಯಷ್ಟೆ. ಉಸಿರು ಉಜ್ಜಿಕೊಂಡು ಹೊರಬರುತ್ತದೆ; ಇಂಥದ್ದು ಘರ್ಷಧ್ವನಿ.

ಮೂಲ: ಸಂಸ್ಕೃತದ ಪಿತೃ, ಲ್ಯಾಟಿನ್ನಿನ ಪಾತೆರ್ ಇದರ ಜ್ಞಾತಿಪದಗಳು. ಇವೆಲ್ಲದರ ಮೂಲಭಾಷೆಯ ಪಕಾರ ಇಂಗ್ಲಿಷ್ ಸೇರಿದ ಜರ್ಮಾನಿಕ್ ಭಾಷೆಗಳಲ್ಲಿ ಫಕಾರವಾಗಿ, ತಕಾರ ಘರ್ಷಧ್ವನಿಯಾಗಿ ಮಾರ್ಪಟ್ಟಿತೆಂದು ಭಾಷಾವಿದ ಯಾಕೋಬ್ ಗ್ರಿಮ್ 1822ರಲ್ಲಿ ನಿರೂಪಿಸಿದ. ಇಂದಿನ ಫಾದರ್‌ನ ಘರ್ಷಧ್ವನಿ ಆ ಪಲ್ಲಟದ ನೇರ ಫಲವೆಂಬ ತಿಳಿವಳಿಕೆ ಪ್ರಚಲಿತವಾಗಿದ್ದರೂ ಅದು ಸರಿಯಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಪದ 'ಫ್ಯಾಡೆರ್'. ನಡುವೆ ಇದ್ದದ್ದು ಡಕಾರ. ಆದರೆ ಸೋದರವಾಚಕ 'ಬ್ರೋಥೊರ್'ನಲ್ಲಿ ಆಗಲೇ ಘರ್ಷಧ್ವನಿಯಿತ್ತು. ಈ ಭೇದದ ಕಾರಣವನ್ನು 1875ರಲ್ಲಿ ಡೆನ್ಮಾರ್ಕಿನ ಕಾರ್ಲ್ ವೆರ್ನರ್ ವೇದದ ಸ್ವರಗಳಲ್ಲಿ, ಅಂದರೆ ದನಿಯ ಏರಿಳಿತದಲ್ಲಿ, ಕಂಡುಕೊಂಡ. ವೈದಿಕ 'ಭ್ರಾತಾ' ಪದದಲ್ಲಿ ಉದಾತ್ತ (ಏರುದನಿ) ಮೊದಲ ಅಕ್ಷರದ್ದು. 'ಪಿತಾ', 'ಮಾತಾ' ಪದಗಳಲ್ಲಿ ಎರಡನೆಯದ್ದು. ಘರ್ಷಧ್ವನಿಯ ಹಿಂದಿನ ಅಕ್ಷರ ಉದಾತ್ತವಲ್ಲದಿದ್ದಲ್ಲಿ ಆ ಧ್ವನಿ ನಾದ ಪಡೆದು, ಮುಂದೆ ಇಂಗ್ಲಿಷಿನಲ್ಲಿ ಡಕಾರವಾಯಿತು.

ಎರಡನೆಯ ಪಲ್ಲಟ: 1400ರಲ್ಲಿ ತೀರಿಕೊಂಡ ಚಾಸರ್‌ನ ಕಾವ್ಯದಲ್ಲೂ ಡಕಾರದ ರೂಪವೇ ಇದೆ. ಟಿಂಡೇಲ್ ಅನುವಾದಿಸಿದ 1526ರ ಹೊಸ ಒಡಂಬಡಿಕೆಯಲ್ಲಿ ಇಂದಿನ ಕಾಗುಣಿತ ಕಾಣುತ್ತದೆ. ಬ್ರದರ್ ಪದದ ಸಾದೃಶ್ಯದಿಂದ ಹೀಗಾಯಿತೆಂಬ ವಾದವೊಂದೇ ಸಾಲದು. ಬಂಧುವಾಚಕಗಳಲ್ಲದ ವೆದರ್ (ಹವೆ), ಗ್ಯಾದರ್ (ಕೂಡಿಸು) ಪದಗಳ ಹಳೆಯ ಡಕಾರವೂ ಹೀಗೆಯೇ ಬದಲಾಗಿದೆ. ಆದ್ದರಿಂದ ಇದನ್ನು ಧ್ವನಿನಿಯಮವೆಂದೇ ಗಣಿಸುವುದು ಯುಕ್ತ. ಮರ್ಡರ್ ಪದ ಇದಕ್ಕೆ ತದ್ವಿರುದ್ಧವಾಗಿ ಸಾಗಿ, ಹಳೆಯ ಘರ್ಷಧ್ವನಿಯನ್ನು ಕಳೆದುಕೊಂಡು ಡಕಾರ ಪಡೆಯಿತು. ಹೀಗೆ ಫಾದರ್‌ನ ನಡುವಿನ ವ್ಯಂಜನ ತಕಾರದಿಂದ ಘರ್ಷಕ್ಕೆ, ಅಲ್ಲಿಂದ ಡಕಾರಕ್ಕೆ, ಮತ್ತೆ ಘರ್ಷಕ್ಕೆ ಬಂದು ನಿಂತಿದೆ.

ಸ್ವರ: ಗ್ಯಾದರ್‌ನಲ್ಲಿ ಮೊದಲ ಸ್ವರ ಹ್ರಸ್ವವಾಗಿಯೇ ಉಳಿದಿದ್ದರೆ, ಫಾದರ್‌ನಲ್ಲಿ ಅದು ದೀರ್ಘವಾಗಿದೆ. ಇದು ಅಪವಾದ.

ಕನ್ನಡದಲ್ಲಿ: ಅಪ್ಪ, ತಂದೆ ದ್ರಾವಿಡ ಮೂಲದವು. ಫಾದರ್ ಮುಖ್ಯವಾಗಿ ಕ್ರೈಸ್ತ ಗುರುಗಳನ್ನು ಕರೆಯುವ ಮಾತು. ಪಾದ್ರಿ ಎಂಬುದು ಪೋರ್ಚುಗೀಸಿನ 'ಪಾದ್ರೆ'ಯಿಂದ ಬಂದದ್ದು. ಅದರ ಮೂಲ ಲ್ಯಾಟಿನ್ನಿನ ಪಾತೆರ್. ಹಾಗಾಗಿ ಪಿತೃ, ಪಾದ್ರಿ, ಫಾದರ್ ಮೂರೂ ಒಂದೇ ಧಾತುವಿನಿಂದ ಹೊರಟು, ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಭಾಷೆಗಳ ಮೂಲಕ ಕನ್ನಡ ಸೇರಿದ ಪದಗಳು.