ಗೆರೆಯಾಚೆಯ ಮನೆ

ಮಡತ್ತುಕುಳಂ, ಉಡುಮಲೈ ಸುತ್ತಿನ ಅನೇಕ ಹಳ್ಳಿಗಳಲ್ಲಿ ಊರು ಒಂದು ಕಡೆ, ಚೇರಿ ಇನ್ನೊಂದು ಕಡೆ ಇರುವುದನ್ನು ನೀವು ಕಂಡಿದ್ದೀರಿ. ಮನುಷ್ಯರನ್ನು ಹೀಗೆ ಬೇರೆ ಇಡುವ ಪದ್ಧತಿ ಕಡಲಾಚೆಯೂ ನಡೆಯಿತು. ಅಲ್ಲಿ ಮೈಬಣ್ಣ ನೋಡಿದರು, ಇಲ್ಲಿ ಹುಟ್ಟಿದ ಜಾತಿ ನೋಡಿದರು. ಎರಡರ ಮೂಲ ಬೇರೆ; ಉಳಿಸಿಹೋದ ಕಷ್ಟ ಮಾತ್ರ ಬಹಳ ಮಟ್ಟಿಗೆ ಒಂದೇ. ಆ ಕಷ್ಟದ ಬಗ್ಗೆ ಇಂದು ನಾಲ್ಕು ಮಾತು ಹೇಳುತ್ತೇನೆ.

ಮೊದಲು ದಕ್ಷಿಣ ಆಫ್ರಿಕಾ. 1860ರಲ್ಲಿ ಮದರಾಸಿನಿಂದ ಹಡಗು ಹತ್ತಿದ ನಮ್ಮ ಕಡೆಯ ಕೂಲಿಗಳು ಅಲ್ಲಿನ ನಟಾಲ್ ಪ್ರಾಂತದ ಕಬ್ಬಿನ ತೋಟಗಳಿಗೆ ಹೋದರು. ಅವರ ಮಕ್ಕಳು ಮೊಮ್ಮಕ್ಕಳೂ ವರ್ಣಭೇದದ ಕಾನೂನಿಗೆ ಸಿಕ್ಕಿದರು. 1913ರ ಭೂಕಾಯಿದೆ ದೇಶದ ನೆಲದಲ್ಲಿ ನೂರಕ್ಕೆ ಸುಮಾರು 7 ಪಾಲನ್ನು ಮಾತ್ರ ಕರಿಯರಿಗೆ ಬಿಟ್ಟಿತು. ಜನಸಂಖ್ಯೆಯಲ್ಲಿ ಹೆಚ್ಚಿನವರು ಅವರೇ. 1950ರಲ್ಲಿ ಯಾವ ಬಣ್ಣದವರು ಎಲ್ಲಿ ವಾಸಿಸಬೇಕೆಂಬ ಕಾನೂನು ಬಂತು. ಕರಿಯರು ಪಾಸ್ ಪುಸ್ತಕವಿಲ್ಲದೆ ತಿರುಗಾಡುವಂತಿರಲಿಲ್ಲ. ಅದನ್ನು ಪ್ರತಿಭಟಿಸಿದವರ ಮೇಲೆ 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿ 69 ಜನ ಸತ್ತರೆಂದು ಸರಕಾರದ ಲೆಕ್ಕ. 1994ರಲ್ಲಿ ಮಂಡೇಲಾ ಅಧ್ಯಕ್ಷರಾದರು. ಕಾನೂನು ಹೋಯಿತು; ನೆಲದ ಬಹುಪಾಲು ಮಾತ್ರ ಇಂದಿಗೂ ಬಿಳಿಯರ ಕೈಯಲ್ಲಿದೆ.

ಇನ್ನು ಅಮೆರಿಕ. ರೈಲಿನಲ್ಲಿ ಕರಿಯರಿಗೆ ಬೇರೆ ಡಬ್ಬಿ ಇಡುವುದು ಸರಿಯೆಂದು 1896ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿತು. ಶಾಲೆಗಳಲ್ಲಿ ಬೇರೆ ಇಡುವುದು ತಪ್ಪೆಂದು ಅದೇ ಕೋರ್ಟು ಹೇಳಲು 1954 ಬರಬೇಕಾಯಿತು. ನಡುವೆ ನಡೆದ ಇನ್ನೊಂದು ಕೆಲಸ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ನನ್ನಂಥವನಿಗೆ ಚೆನ್ನಾಗಿ ಅರ್ಥವಾಗುತ್ತದೆ. 1930ರ ದಶಕದಲ್ಲಿ ಗೃಹಸಾಲದ ಸರಕಾರಿ ಸಂಸ್ಥೆಯೊಂದು 200ಕ್ಕೂ ಹೆಚ್ಚು ನಗರಗಳ ನಕ್ಷೆ ಬರೆಸಿತು. ಕರಿಯರಿರುವ ಬೀದಿಗಳಿಗೆ ಕೆಂಪು ಬಣ್ಣ ಬಳಿದರು. ಕೆಂಪು ಎಂದರೆ ಸಾಲ ಕೊಟ್ಟರೆ ಅಪಾಯ. ಸಾಲ ಸಿಗದಿದ್ದರೆ ಸ್ವಂತ ಮನೆಯಿಲ್ಲ. ಮನೆಯಿಲ್ಲದಿದ್ದರೆ ಮಕ್ಕಳಿಗೆ ಬಿಟ್ಟುಹೋಗಲು ಆಸ್ತಿಯಿಲ್ಲ. 1968ರಲ್ಲಿ ಕಾನೂನು ಇದನ್ನು ತಡೆಯಿತು. ಆದರೂ ಅಂದು ಕೆಂಪಾಗಿದ್ದ ಎಷ್ಟೋ ಬೀದಿಗಳು ಇಂದೂ ಬಡ ಬೀದಿಗಳೇ.

ಈಗ ನಮ್ಮ ಮನೆಯಂಗಳಕ್ಕೆ ಬರೋಣ. ಚೆಂಗಲ್‌ಪಟ್ಟಿನ ಕಲೆಕ್ಟರ್ ಟ್ರೆಮನ್‌ಹೀರ್ ಅಲ್ಲಿನ ಪರೈಯರ ದುಸ್ಥಿತಿಯನ್ನು ಸರಕಾರಕ್ಕೆ ಬರೆದು ತಿಳಿಸಿದರು. 1892ರಲ್ಲಿ ಮದರಾಸು ಸರಕಾರ ಅಸ್ಪೃಶ್ಯರೆನಿಸಿಕೊಂಡವರಿಗೆ ಭೂಮಿ ಕೊಡಲು ಆಜ್ಞೆ ಹೊರಡಿಸಿತು. ಇದೇ ಪಂಚಮಿ ನಿಲಂ. ಬೇರೆ ಜಾತಿಯವರಿಗೆ ಮಾರಬಾರದೆಂಬ ಷರತ್ತಿತ್ತು. ಆದರೂ ಬಹಳಷ್ಟು ಭೂಮಿ ಬೇರೆಯವರ ಪಾಲಾಯಿತು. 1950ರ ಸಂವಿಧಾನ ತನ್ನ 17ನೆಯ ವಿಧಿಯಿಂದ ಅಸ್ಪೃಶ್ಯತೆಯನ್ನು ರದ್ದುಮಾಡಿತು. 1955ರಲ್ಲಿ ಅದಕ್ಕೆ ಶಿಕ್ಷೆಯ ಕಾನೂನೂ ಬಂತು. ಆಮೇಲೂ ನಮ್ಮ ಕೊಂಗುನಾಡಿನ ಚಹಾ ಅಂಗಡಿಗಳಲ್ಲಿ ಇರಟ್ಟೈ ಕುವಳೈ, ಅಂದರೆ ಎರಡು ಬಗೆಯ ಲೋಟ, ನಡೆದೇ ಇತ್ತು.

ಲೋಟಕ್ಕಿಂತ ಗಟ್ಟಿಯಾದದ್ದು ಗೋಡೆ. 2019ರ ಡಿಸೆಂಬರ್ 2ರ ಬೆಳಗಿನ ಜಾವ, ಮೇಟ್ಟುಪಾಳಯದ ನಡೂರಿನಲ್ಲಿ ಮಳೆಗೆ ನೆನೆದ ಎತ್ತರದ ಕಾಂಪೌಂಡ್ ಗೋಡೆ ಪಕ್ಕದ ದಲಿತರ ಮನೆಗಳ ಮೇಲೆ ಬಿದ್ದು 17 ಜನ ಸತ್ತರು. ಅದನ್ನು ತೀಂಡಾಮೈ ಚುವರ್, ಅಸ್ಪೃಶ್ಯತೆಯ ಗೋಡೆ ಎಂದು ಜನ ಕರೆದರು. ಬೇರೆ ಬೀದಿಯಲ್ಲಿದ್ದಿದ್ದರೆ ಅವರು ಬದುಕಿರುತ್ತಿದ್ದರು.

ಬಂಧುಗಳೇ, 1969ರಲ್ಲಿ 14 ಬ್ಯಾಂಕುಗಳು ರಾಷ್ಟ್ರೀಕರಣವಾದ ಮೇಲೆ ಹಳ್ಳಿಹಳ್ಳಿಗೂ ಶಾಖೆ ಬಂತು. ಆದರೆ ಕೌಂಟರಿನಲ್ಲಿ ದೊಡ್ಡ ಸಾಲ ಕೇಳಿದವರಿಗೆ ಮೊದಲ ಪ್ರಶ್ನೆ ‘ಪಟ್ಟಾ ಇದೆಯಾ?’ ಎಂಬುದೇ. ಜಾತಿ ಕೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ನೆಲವಿಲ್ಲದವರು ಯಾರೆಂದು ಊರು ಎಂದೋ ತೀರ್ಮಾನಿಸಿತ್ತು. ನಮ್ಮಲ್ಲಿ ಕೆಂಪು ನಕ್ಷೆ ಇರಲಿಲ್ಲ, ಊರೇ ನಕ್ಷೆಯಾಗಿತ್ತು.

ಆದ್ದರಿಂದ ಒಂದು ವಿನಂತಿ. ಮುಂದಿನ ಗ್ರಾಮಸಭೆಗೆ ತಪ್ಪದೆ ಹೋಗಿ. ಕನ್ನಡದವರಿರಲಿ, ತಮಿಳರಿರಲಿ, ನಿಮ್ಮೂರಿನ ಕಾಲೊನಿಯ ಎಷ್ಟು ಮನೆಗೆ ಪಟ್ಟಾ ಇದೆ, ಎಷ್ಟಕ್ಕೆ ಇಲ್ಲ ಎಂದು ಎದ್ದು ನಿಂತು ಕೇಳಿ. ಆ ಪ್ರಶ್ನೆಯನ್ನು ಕಾಲೊನಿಯವರೇ ಕೇಳಲಿ ಎಂದು ಕಾಯಬೇಡಿ.