ತಣಿ

ಸುಡುಬಿಸಿಲಿನಲ್ಲಿ ಮಲಪನಗುಡಿಯ ಹಳೆಯ ಮೆಟ್ಟಿಲುಬಾವಿಗೆ ಇಳಿದರೆ ಬಾಯಿಗೆ ಬರುವ ಮಾತು ‘ತಣ್ಣಗಿದೆ’. ಬೇರು ‘ತಣ್’. ತಂಪು, ತಂಗಾಳಿ, ತಂಗಳು (ತಣ್+ಕೂಳು), ತಮಿಳಿನ ತಣ್ಣೀರ್ ಎಲ್ಲ ಅದರ ಕುಡಿಗಳು. ನನಗೆ ಹೆಚ್ಚು ಪ್ರಿಯವಾದದ್ದು ‘ತಣಿ’. ಸಿಟ್ಟು ತಣಿಯುತ್ತದೆ, ಹಸಿವು ತಣಿಯುತ್ತದೆ. ಒಳಗಿನ ಕುದಿತ ಅಡಗುತ್ತದೆ. ಭೌತವಿಜ್ಞಾನದ ಮಾತೂ ಇದೇ: ಬಿಸಿಯೆಂದರೆ ಪರಮಾಣುಗಳ ಓಡಾಟ. ಅವನ್ನು ತಣಿಸಲು ವಿಜ್ಞಾನಿಗಳು ಎದುರಿನಿಂದ ಲೇಸರ್ ಬೆಳಕು ತಾಗಿಸಿ ಓಟ ತಗ್ಗಿಸುತ್ತಾರೆ. ಆಮೇಲೂ ಚುರುಕಾಗಿ ಉಳಿದವನ್ನು, ಬಿಸಿ ಕಾಫಿಯಿಂದ ಹಬೆ ಹೋಗುವಂತೆ, ಹೊರಬಿಡುತ್ತಾರೆ. 1995ರಲ್ಲಿ ಅಮೆರಿಕದ ಬೌಲ್ಡರ್‌ನಲ್ಲಿ ರುಬಿಡಿಯಂ ಪರಮಾಣುಗಳು ಸುಮಾರು 170 ನ್ಯಾನೊಕೆಲ್ವಿನ್‌ಗೆ, ಅಂದರೆ ಪರಮಶೂನ್ಯದ ತೀರ ಹತ್ತಿರಕ್ಕೆ, ತಣಿದು ಒಂದೇ ಅಲೆಯಂತೆ ನಡೆದುಕೊಂಡವು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಪರಮಾಣುಗಳನ್ನು ಹೀಗೆ ತಣಿಸುತ್ತಾರೆ. ಇಂಥ ಪರಮಾಣುಗಳ ಬಗ್ಗೆ ಬರೆಯುವಾಗ ‘ಅತಿಶೀತಲ’ ಎನ್ನುತ್ತೇವೆ. ‘ತಣಿದ ಪರಮಾಣು’ ಎನ್ನಬಾರದೇಕೆ?