ಕಂಪ್ಯೂಟರ್ ಸಲಹೆ: ಹಳೆಯ ಕನ್ನಡ ಫೈಲ್ ತೆರೆದಾಗ ಕನ್ನಡ ಕಾಣದಿದ್ದರೆ

ಹದಿನೈದು-ಇಪ್ಪತ್ತು ವರ್ಷಗಳ ಹಿಂದೆ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಚರ್ಚಿನ ಸ್ಮರಣ ಸಂಚಿಕೆಯ ಲೇಖನ, ಸಂಘದ ವರದಿ, ಮನೆತನದ ಚರಿತ್ರೆ ಇವುಗಳನ್ನು ಹೊಸ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟಿರುವ 'ಎ' ಕಾಣಿಸುವುದುಂಟು. ವೈರಸ್ ತಗಲಿದೆ ಎಂದುಕೊಂಡು ಕೆಲವರು ಫೈಲನ್ನೇ ಅಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಬರವಣಿಗೆ ಹಾಗೆಯೇ ಇದೆ.

ಆಗಿನ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸುತ್ತಿದ್ದವು. ನೀವು 'ಕ' ಎಂದು ಟೈಪಿಸಿದರೂ ಕಂಪ್ಯೂಟರ್ ನೆನಪಿಟ್ಟದ್ದು 'ಪಿ' ಮತ್ತು ಗೀಟಿನ 'ಎ'. ಆ ಫಾಂಟ್ ಇಲ್ಲದ ಕಡೆ ಅವೇ ಹೊರಗೆ ಕಾಣುತ್ತವೆ. ಯೂನಿಕೋಡ್‌ನಲ್ಲಿ ಮಾತ್ರ ಕನ್ನಡದ ಅಕ್ಷರಗಳಿಗೆ ಅವುಗಳದೇ ಸಂಖ್ಯೆ ಇದೆ.

ಮೊದಲು ಫೈಲಿನ ಒಂದು ಪ್ರತಿ ಮಾಡಿ, ಮೂಲವನ್ನು ಪೆನ್ ಡ್ರೈವಿನಲ್ಲಿ ತೆಗೆದಿಡಿ. ಕೇವಲ ಓದಬೇಕಾಗಿದ್ದರೆ 'ನುಡಿ 01 ಇ' ಮುಂತಾದ ಹಳೆಯ ಫಾಂಟ್ ಹಾಕಿಕೊಂಡರೆ ಸಾಕು. ವಾಟ್ಸಾಪ್‌ನಲ್ಲಿ ಕಳುಹಿಸಲು, ಹೆಸರು ಹುಡುಕಲು ಯೂನಿಕೋಡ್‌ಗೆ ಬದಲಾಯಿಸಲೇಬೇಕು. ಇದಕ್ಕೆ ಪರಿವರ್ತಕ ತಂತ್ರಾಂಶಗಳಿವೆ. ಅಂತರ್ಜಾಲದಲ್ಲೂ ಉಚಿತವಾಗಿ ದೊರೆಯುತ್ತವೆ. ಪಠ್ಯವನ್ನು ಕಾಪಿ ಮಾಡಿ ಅಲ್ಲಿ ಅಂಟಿಸಿ, ಬದಲಾದದ್ದನ್ನು ಹೊಸ ಫೈಲಿಗೆ ತನ್ನಿ. ಜನರ ವಿಳಾಸ, ದೂರವಾಣಿ ಸಂಖ್ಯೆ ಇರುವ ಪಟ್ಟಿಗಳನ್ನು ಮಾತ್ರ ಅಪರಿಚಿತ ಜಾಲತಾಣಕ್ಕೆ ಹಾಕಬೇಡಿ. ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುವ ಪರಿವರ್ತಕ ಬಳಸಿ.

ಇಲ್ಲಿ ಹೆಚ್ಚಿನವರು ಎಡವುವುದು ಎರಡು ಕಡೆ. ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವುಗಳನ್ನೂ ಕನ್ನಡವೆಂದೇ ತಿಳಿದು ಕೆಡಿಸುತ್ತದೆ. ಅವನ್ನು ಕೈಯಲ್ಲೇ ತಿದ್ದಬೇಕು. ಎರಡನೆಯದು ಅರ್ಕಾವತ್ತು. ಹಳೆಯ ಪದ್ಧತಿಯಲ್ಲಿ ಅದು ವ್ಯಂಜನದ ನಂತರ ಬರುತ್ತಿತ್ತು, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಆದ್ದರಿಂದ 'ವರ್ಷ', 'ಧರ್ಮ', 'ಕಾರ್ಯಕ್ರಮ' ಇಂಥ ಪದಗಳನ್ನು ಒಂದೊಂದಾಗಿ ನೋಡಿ. ಹೆಸರು, ದಿನಾಂಕಗಳನ್ನು ಹಳೆಯ ಮುದ್ರಿತ ಪ್ರತಿಯೊಂದಿಗೆ ಹೋಲಿಸುವುದು ಒಳ್ಳೆಯದು. ಬೇಸರದ ಕೆಲಸ, ಆದರೆ ಒಮ್ಮೆ ಮಾಡಿದರೆ ಆಯಿತು.

ಬದಲಾಯಿಸಿದ ಪಠ್ಯಕ್ಕೆ ವಿಂಡೋಸ್‌ನಲ್ಲಿರುವ ನಿರ್ಮಲಾ ಅಥವಾ ತುಂಗಾ ಫಾಂಟ್ ಕೊಡಿ. ಇನ್ನು ಮುಂದೆ ಟೈಪ್ ಮಾಡುವಾಗ ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿಕೊಳ್ಳಿ. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಾಗುತ್ತದೆ. ನುಡಿಯ ಕೀಲಿಮಣೆಗೇ ಬೆರಳು ಒಗ್ಗಿದವರು ಅದರ ಹೊಸ ಆವೃತ್ತಿಯಲ್ಲಿ ಯೂನಿಕೋಡ್ ಆಯ್ಕೆ ಮಾಡಿಕೊಂಡು ಹಿಂದಿನಂತೆಯೇ ಟೈಪ್ ಮಾಡಬಹುದು.